ಸಮಾಜಶಾಸ್ತ್ರ ಓದುವವರಿಗೊಂದು ಕಿವಿಮಾತು

ಬಿ.ಎ.ಗೆ ಸಮಾಜಶಾಸ್ತ್ರ ತೆಗೆದುಕೊಂಡಿದ್ದೀರಾ? ಒಳ್ಳೆಯದು. ಆದರೆ ನೋಟ್ಸ್ ಬಾಯಿಪಾಠ ಮಾಡಿ ಪಾಸಾದರೆ ಸಾಲದು, ಊರೊಳಗೆ ಇಳಿಯಬೇಕು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದು ಜನಜೀವನ ಕಂಡರು. ಬರೆಯುವಾಗ ಆ ಊರಿಗೆ ‘ರಾಂಪುರ’ವೆಂದು ಬೇರೆ ಹೆಸರಿಟ್ಟರು. ನಂಬಿ ಮಾತಾಡಿದವರ ಗುರುತು ಕಾಪಾಡುವುದು ಸಂಶೋಧಕರ ಮೊದಲ ಧರ್ಮ.

ಊರಿಗೆ ಹೋದಾಗ ‘ವರಮಾನ ಎಷ್ಟು?’ ಎಂದು ನೇರವಾಗಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ‘ಬೆಳೆದ ರಾಗಿ ಎಷ್ಟು ತಿಂಗಳಿಗೆ ಬರುತ್ತದಮ್ಮಾ?’ ಎಂದು ಕೇಳಿ ನೋಡಿ, ಮನೆಯ ಕಷ್ಟಸುಖವೆಲ್ಲ ಹೊರಬರುತ್ತದೆ. ಕೇಳಿದ್ದನ್ನು ಅಂದೇ ರಾತ್ರಿ ಬರೆದಿಡಿ. ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ, ಜನಗಣತಿಯ ಕೋಷ್ಟಕ ಓದಲು ಬಂದರೆ ಮುಂದೆ ಸಮೀಕ್ಷೆಯ ಕೆಲಸಗಳಿಗೆ ದಾರಿಯಾಗುತ್ತದೆ. ವರದಿ ಮುಗಿದ ಮೇಲೆ, ಮಾಹಿತಿ ಕೊಟ್ಟವರಿಗೆ ಅದರಲ್ಲೇನಿದೆಯೆಂದು ಹೋಗಿ ಹೇಳಿ ಬನ್ನಿ.