ಬೆಳಕಿನ ಬಾಗು: ಒಂದು ಪ್ರಮಾಣ ಪರೀಕ್ಷೆ

ಪ್ರಮಾಣವಿಲ್ಲದೆ ಪ್ರಮೇಯವು ಸಿದ್ಧಿಸದೆಂಬುದು ಶಾಸ್ತ್ರಕಾರರ ಮತ. ಆ ಪ್ರಮಾಣವನ್ನೂ ಪರೀಕ್ಷಿಸಬೇಕೆಂಬುದು ಅದರ ಮುಂದಿನ ಮೆಟ್ಟಿಲು. ಸೂರ್ಯನ ಗುರುತ್ವದಿಂದ ನಕ್ಷತ್ರದ ಬೆಳಕು ಬಾಗುವುದೆಂಬ ಸಿದ್ಧಾಂತದ ಚರಿತ್ರೆ ಇದಕ್ಕೊಂದು ನಿದರ್ಶನ.

ಸೂರ್ಯನ ಅಂಚನ್ನು ಸವರಿ ಬರುವ ಕಿರಣವು 1.75 ವಿಕಲೆಯಷ್ಟು ಬಾಗಬೇಕೆಂದು ಐನ್‌ಸ್ಟೈನರು 1915ರಲ್ಲಿ ಗಣಿಸಿದರು. ಒಂದು ಡಿಗ್ರಿಯ 3600ನೆಯ ಭಾಗವೇ ವಿಕಲೆ. ನ್ಯೂಟನ್ನರ ತತ್ತ್ವವನ್ನು ಬೆಳಕಿಗೆ ಅನ್ವಯಿಸಿದರೆ ದೊರೆಯುವುದು ಇದರ ಅರ್ಧ ಮಾತ್ರ. ಆದುದರಿಂದ ಬಾಗುವುದೇ ಎಂಬುದಕ್ಕಿಂತ ಎಷ್ಟು ಬಾಗುವುದೆಂಬುದೇ ಮುಖ್ಯ ಪ್ರಶ್ನೆಯಾಯಿತು.

1919ರ ಮೇ 29ರ ಪೂರ್ಣ ಸೂರ್ಯಗ್ರಹಣದಲ್ಲಿ ಎರಡು ತಂಡಗಳು ಇದನ್ನು ಅಳೆದವು. ಎಡಿಂಗ್ಟನ್ನರಿದ್ದ ಪ್ರಿನ್ಸಿಪೆ ದ್ವೀಪದಲ್ಲಿ ಮೋಡ ಕವಿದು ಕೆಲವೇ ನಕ್ಷತ್ರಗಳು ದೊರೆತವು; ಫಲ 1.61. ಬ್ರೆಜಿಲ್ಲಿನ ಸೊಬ್ರಾಲ್‌ನಲ್ಲಿ ಒಂದು ದೂರದರ್ಶಕ 1.98 ಎಂದಿತು, ಇನ್ನೊಂದು 0.93 ಎಂದಿತು. ನ್ಯೂಟನ್ನರ ಪಕ್ಷಕ್ಕೆ ಹತ್ತಿರವಾದ ಈ ಕೊನೆಯ ಅಳತೆಯನ್ನು ನಿರ್ಣಯದಲ್ಲಿ ಗಣಿಸಲಿಲ್ಲ.

ಇಲ್ಲಿ ಪೂರ್ವಪಕ್ಷ ಏಳುತ್ತದೆ: ಬೇಕಾದುದನ್ನು ಇರಿಸಿಕೊಂಡು ಬೇಡವಾದುದನ್ನು ಬಿಟ್ಟರಲ್ಲವೇ? ಆಕ್ಷೇಪ ನ್ಯಾಯವಾದುದೇ. ಉತ್ತರವನ್ನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದಂತಹ ಎಡೆಯಲ್ಲಿ ಲೇತಿನ ಮುಂದೆ ನಿಂತ ಕುಶಲ ಕೆಲಸಗಾರನಿಂದ ಕಲಿಯಬಹುದು. ಆಗತಾನೆ ಕಡೆದ ಬಿಸಿ ಲೋಹದ ಅಳತೆಯನ್ನು ಅವನು ಒಪ್ಪುವುದಿಲ್ಲ. ತಣಿದ ಮೇಲೆ ಮೈಕ್ರೋಮೀಟರಿನಿಂದ ಮತ್ತೆ ಅಳೆಯುತ್ತಾನೆ. ಅಳತೆ ತನಗೆ ಒಗ್ಗಲಿಲ್ಲವೆಂದಲ್ಲ, ಕಾವಿನಿಂದ ಲೋಹ ಹಿಗ್ಗಿರುವುದೆಂದು. ಸೊಬ್ರಾಲ್‌ನಲ್ಲಿಯೂ ಬಿಸಿಲಿನ ಶಾಖದಿಂದ ಕನ್ನಡಿ ವಿಕಾರಗೊಂಡು ಬಿಂಬಗಳು ಮಸುಕಾದುವೆಂಬುದು ವೀಕ್ಷಕರು ಕೊಟ್ಟ ಕಾರಣ. ಗ್ರಹಣವು ಮರಳಿ ಬಾರದು. ಆದರೆ ಫಲಕಗಳು ಉಳಿದಿದ್ದವು. 1979ರಲ್ಲಿ ಆ ಫಲಕಗಳನ್ನು ಹೊಸ ಯಂತ್ರದಿಂದ ಅಳೆದಾಗ ಸುಮಾರು 1.55 ಬಂದಿತು.

ಅಷ್ಟರಿಂದಲೇ ಸಿದ್ಧಾಂತ ನಿಲ್ಲುವುದಿಲ್ಲ. 1922ರ ಗ್ರಹಣಕ್ಕೆ ಕೊಡೈಕನಾಲಿನಿಂದ ಎವರ್ಷೆಡ್ಡರು ಆಸ್ಟ್ರೇಲಿಯದ ವಲ್ಲಾಲ್‌ಗೆ ಹೋದರು. ಉಪಕರಣದ ತೊಡಕಿನಿಂದ ಅವರಿಗೆ ನಿರ್ಣಾಯಕ ಫಲ ದೊರೆಯಲಿಲ್ಲ. ಅಲ್ಲಿಯೇ ಇದ್ದ ಕ್ಯಾಂಪ್‌ಬೆಲ್ ಮತ್ತು ಟ್ರಂಪ್ಲರರು 1.72 ಪಡೆದರು. 1974 ಮತ್ತು 1975ರಲ್ಲಿ ಗ್ರಹಣದ ಹಂಗಿಲ್ಲದೆ ಕ್ವೇಸಾರುಗಳ ರೇಡಿಯೋ ತರಂಗಗಳನ್ನು ಅಳೆದಾಗ, ಐನ್‌ಸ್ಟೈನರ ಗಣನೆ ಶೇಕಡ 1ರಷ್ಟು ಸೂಕ್ಷ್ಮತೆಯಲ್ಲಿ ದೃಢಪಟ್ಟಿತು.

1919ರ ಪ್ರಮಾಣ ದುರ್ಬಲವಾಗಿತ್ತು. ಪ್ರಮೇಯ ಮಾತ್ರ ಸತ್ಯವಾಗಿತ್ತು. ಈ ಎರಡನ್ನೂ ಒಟ್ಟಿಗೆ ಹೇಳುವುದೇ ಅಧ್ಯಾಪಕರ ಧರ್ಮ. “ಆ ಫಲಕಗಳನ್ನು ಏಕೆ ಬಿಟ್ಟರು?” ಎಂದು ಕೇಳುವ ಬಾಲಕನನ್ನು ಸುಮ್ಮನಾಗಿಸಿದರೆ ವಿಜ್ಞಾನವೂ ಮೂಢನಂಬಿಕೆಯಾದೀತು. ಅನುಭವ ಮಂಟಪದ ಪರಂಪರೆಯಲ್ಲಿ ಪ್ರಶ್ನೆಗೆ ಪೀಠವಿತ್ತು. ಶಾಲೆಯಲ್ಲಿಯೂ ಅದಕ್ಕೊಂದು ಮಣೆಯಿರಲಿ.