ಒಂದು ರೂಪಾಯಿಗೆ ಎಂಬತ್ತು

ನಮ್ಮ ಬಾಗಲಕೋಟೆ ಕಡೆ ಮಟಕಾ ಕೇಸು ಬಿದ್ದಾಗಲೆಲ್ಲ ಪತ್ರಿಕೆಯ ಮೂಲೆಯಲ್ಲಿ ಹೆಚ್ಚುಕಡಿಮೆ ಒಂದೇ ಮಾತು ಅಚ್ಚಾಗುತ್ತದೆ. ಆರೋಪಿ ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವುದಾಗಿ ಜನರನ್ನು ಕರೆದು, ಹಣ ಪಡೆದು ನಂಬರಿನ ಚೀಟಿ ಬರೆದುಕೊಡುತ್ತಿದ್ದ ಎಂದು. ಓದಿ ಓದಿ ಬಾಯಿಪಾಠವಾದ ಈ ಮಾತಿನಲ್ಲೇ ಮಟಕಾ ಅಥವಾ ಓಸಿ ಆಟದ ಪೂರ್ತಿ ಲೆಕ್ಕ ಇದೆ. 00ರಿಂದ 99ರವರೆಗೆ ಜೋಡಿ ನಂಬರು ನೂರು. ನೂರಕ್ಕೂ ಒಂದೊಂದು ರೂಪಾಯಿ ಹಚ್ಚಿದರೆ ಕೈಯಿಂದ ಹೋಗುವುದು 100, ಮರಳುವುದು 80. ಆ 80ನ್ನು ಮತ್ತೆ ಹಚ್ಚಿದರೆ ಸರಾಸರಿ 64, ಮತ್ತೆ ಹಚ್ಚಿದರೆ 51. ಹತ್ತನೆಯ ಸುತ್ತಿಗೆ ಹನ್ನೊಂದು ರೂಪಾಯಿಯೂ ಉಳಿಯದು. ಬುಕ್ಕಿ ಮೋಸ ಮಾಡಬೇಕಾಗಿಯೇ ಇಲ್ಲ. ಪ್ರಾಮಾಣಿಕನಾಗಿದ್ದರೂ ಅವನಿಗೆ ಬೇಕಾದಷ್ಟು ಉಳಿಯುತ್ತದೆ.

ಬಾದಾಮಿ ತಾಲೂಕಿನ ಒಂದು ಪತ್ತಿನ ಸಂಘದ ಬಂಗಾರದ ಸಾಲದ ಟೇಬಲ್ಲಿನಲ್ಲಿ ಬಹಳ ವರ್ಷ ಕೂತವನು ನಾನು. ಸಾಲಕ್ಕೂ ಒಂದು ಹಂಗಾಮು ಇರುತ್ತದೆ. ಮುಂಗಾರಿಗೆ ಬೀಜ ಗೊಬ್ಬರ, ಶಾಲೆ ತೆರೆಯುವಾಗ ಫೀ, ಲಗ್ನದ ತಿಂಗಳಲ್ಲಿ ಲಗ್ನ. ಹಂಗಾಮಿಲ್ಲದ ಸಾಲ ಕಂಡಾಗ ನಾನು ತಲೆಯೆತ್ತಿ ಮುಖ ನೋಡುತ್ತಿದ್ದೆ. ಏಪ್ರಿಲ್ ತಿಂಗಳಲ್ಲಿ, ಐಪಿಎಲ್ ನಡೆದಿರುವಾಗ, ಇಪ್ಪತ್ತೆರಡರ ಹುಡುಗ ಅವ್ವನ ಬೋರಮಾಳ ಹಿಡಿದು ಬಂದು ‘ಮನ್ಯಾಗ ಅಡಚಣಿ ಐತ್ರಿ’ ಎಂದರೆ ಅಡಚಣೆ ಯಾವುದೆಂದು ಕೇಳಬೇಕಾಗಿರಲಿಲ್ಲ.

ಜೂಜನ್ನೇ ಕಾಣದ ಊರೇನೂ ನಮ್ಮದಲ್ಲ. ಪಟ್ಟದಕಲ್ಲಿನಲ್ಲಿ ನಾವು ಹುಡುಗರಿದ್ದಾಗ ನಾಗರಪಂಚಮಿಗೆ ಪಂದ್ಯ ಕಟ್ಟದ ಮನೆ ಇರಲಿಲ್ಲ. ನಿಂಬೆಹಣ್ಣನ್ನು ಎಷ್ಟು ಒಗೆತಕ್ಕೆ ಹೊಳೆದಂಡೆ ಮುಟ್ಟಿಸುತ್ತಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಲ್ಲಿಯವರೆಗೆ ನಡೆಯುತ್ತಿ ಎಂದು ಕೊಬ್ಬರಿ ಬಟ್ಟಲು ಪಣಕ್ಕಿಡುತ್ತಿದ್ದೆವು. ದೊಡ್ಡವರು ಕಟ್ಟೆಯ ಮೇಲೆ ಇಸ್ಪೀಟು ಹಾಕುತ್ತಿದ್ದರು. ಸೋತವನ ಕೊಬ್ಬರಿ ತೀರುತ್ತಿತ್ತು, ಎರಡು ದಿನಕ್ಕೆ ಹಬ್ಬವೂ ತೀರುತ್ತಿತ್ತು, ಎಲ್ಲರೂ ಹೊಲಕ್ಕೆ ಹೋಗುತ್ತಿದ್ದರು. ಮಿತಿ ಆಡುವವನ ಮನಸ್ಸಿನಲ್ಲಿ ಇರಲಿಲ್ಲ, ಹಬ್ಬದಲ್ಲಿ ಇತ್ತು. ‘ಜವಾಬ್ದಾರಿಯಿಂದ ಆಡಿ’ ಎನ್ನುವ ಮಾತನ್ನು ನಾನು ಒಪ್ಪುವುದು ಅಷ್ಟರ ಮಟ್ಟಿಗೆ.

2020ರ ಡಿಸೆಂಬರ್‌ನಿಂದ ರಮ್ಮಿ ಜಾಹೀರಾತುಗಳ ಕೊನೆಗೆ ಅದೇ ಎಚ್ಚರಿಕೆಯನ್ನು ಉಸಿರು ಬಿಡದೆ ಓದುವುದು ಶುರುವಾಯಿತು. ಕೇಳಿಸಿಕೊಂಡವರನ್ನು ನಾನು ಕಂಡಿಲ್ಲ. ಬ್ರಿಟನ್ನಿನಲ್ಲಿ 2018ರಿಂದ ಗ್ಯಾಮ್‌ಸ್ಟಾಪ್ ಎಂಬ ವ್ಯವಸ್ಥೆ ಇದೆ. ಆಡುವವನು ತಾನೇ ಒಮ್ಮೆ ಹೆಸರು ಬರೆಸಿದರೆ, ಲೈಸೆನ್ಸು ಪಡೆದ ಆನ್‌ಲೈನ್ ಜೂಜಿನ ತಾಣಗಳೆಲ್ಲ ಅವನಿಗೆ ಬಾಗಿಲು ಹಾಕಬೇಕು. ನಮ್ಮ ಬುಕ್ಕಿ ಸಾಕು ಎನ್ನುವುದಿಲ್ಲ, ಉದ್ರಿ ಬರೆದುಕೊಳ್ಳುತ್ತಾನೆ.

ನನ್ನ ಅಕ್ಕನ ಮಗ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಕೆಲಸಕ್ಕಿದ್ದ. ಮೊದಲು ಓಸಿ, ಆಮೇಲೆ ಫೋನಿನಲ್ಲಿ ರಮ್ಮಿ, ಆಮೇಲೆ ಕ್ರಿಕೆಟ್. ‘47 ಹಚ್ಚಿದ್ದೆ, 48 ಬಂತು ನೋಡ್ರಿ ಮಾಮಾ. ಕೂದಲೆಳಿ ಅಂತರದಾಗ ಹೋತು’ ಎನ್ನುತ್ತಿದ್ದ. 48 ಬಂದರೂ ಅಷ್ಟೇ, 03 ಬಂದರೂ ಅಷ್ಟೇ, ಹಚ್ಚಿದ್ದು ಬರಲಿಲ್ಲ. ಆದರೆ ಕೂದಲೆಳೆಯಲ್ಲಿ ತಪ್ಪಿತು ಎಂದುಕೊಂಡವನು ಮರುದಿನ ದುಪ್ಪಟ್ಟು ಹಚ್ಚುತ್ತಾನೆ. ಸಾಲ ಮೀಟರ್ ಬಡ್ಡಿಗೆ ಹೋದಾಗ ಅಕ್ಕ ಬಂದಳು. ‘ತಮ್ಮಾ, ಇದೊಂದ ಸಲ ತೀರಿಸಿಬಿಡೋ. ಇನ್ನ ಆಡೂದಿಲ್ಲಂತ ಬನಶಂಕರಿ ಮ್ಯಾಲೆ ಆಣಿ ಮಾಡ್ಯಾನ.’

ಆಣೆಯಲ್ಲಿ ಸುಳ್ಳಿರಲಿಲ್ಲ. ಆ ಹೊತ್ತಿಗೆ ಎಲ್ಲರೂ ನಿಜವಾಗಿಯೇ ಆಣೆ ಮಾಡುತ್ತಾರೆ. ನಮ್ಮೂರ ವಿರೂಪಾಕ್ಷ ಗುಡಿಯ ಕಂಬಗಳ ಮೇಲೆ ಮಹಾಭಾರತದ ಕತೆ ಕೆತ್ತಿದ್ದಾರೆ. ಜೂಜೆಂದ ಕೂಡಲೇ ಧರ್ಮರಾಯನನ್ನು ಎಳೆದು ತರುವುದು ಹಳೆಯ ರೂಢಿಯೇ. ಆದರೆ ಅವನ ಕತೆಯ ಎರಡನೆಯ ಭಾಗವನ್ನು ನಾವು ಮರೆಯುತ್ತೇವೆ. ಮೊದಲ ಆಟದಲ್ಲಿ ಸೋತದ್ದನ್ನೆಲ್ಲ ಧೃತರಾಷ್ಟ್ರ ಮರಳಿ ಕೊಟ್ಟ. ದಾರಿಯಲ್ಲಿ ಮತ್ತೆ ಕರೆ ಬಂತು, ಧರ್ಮರಾಯ ಮತ್ತೆ ಹೋಗಿ ಕುಳಿತ. ಸಾಲ ತೀರಿದವನ ಕೈ ಮತ್ತೆ ಆಡಲು ಬಿಡುವಾಗುತ್ತದೆ. ಸಾಲದ ಟೇಬಲ್ಲಿನಲ್ಲಿ ನಾನು ಕಂಡದ್ದೂ ಅದನ್ನೇ.

ಹಾಗಾಗಿ ಅಕ್ಕನಿಗೆ ಮೊದಲು ಆಸ್ಪತ್ರೆ, ಆಮೇಲೆ ರೊಕ್ಕ ಎಂದೆ. ‘ಹುಚ್ಚ ಹಿಡದೈತೇನು ಅವಗ? ಧಾರವಾಡಕ್ಕ ಒಯ್ದರ ಊರಾಗ ಏನಂತಾರು?’ ಎಂದು ಅತ್ತಳು. ಧಾರವಾಡದ ಮಾನಸಿಕ ಆಸ್ಪತ್ರೆಯ ತನಕ ಹೋಗಬೇಕಾಗಲಿಲ್ಲ, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರೇ ಕೂರಿಸಿಕೊಂಡು ಮಾತಾಡಿದರು. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಅಮೆರಿಕದ ಮನೋವೈದ್ಯರು 2013ರಲ್ಲಿ ಅದನ್ನು ಕುಡಿತದಂಥ ಚಟಗಳ ಸಾಲಿಗೆ ತಂದರು. ಚಿಕಿತ್ಸೆ ಎಂದರೆ ಬಹುಪಾಲು ಮಾತು. ಯಾವ ಹೊತ್ತಿಗೆ ಕೈ ತುರಿಸುತ್ತದೆ, ಆಗ ಏನು ಮಾಡಬೇಕು ಎಂದು ವಾರವಾರ ಕುಳಿತು ಬಿಡಿಸುವುದು. ಕುಡಿತವೋ ಖಿನ್ನತೆಯೋ ಜೊತೆಗಿದ್ದರೆ ಅದಕ್ಕೂ ಔಷಧ.

ರೊಕ್ಕದ ಕೆಲಸ ನನ್ನ ಪಾಲಿಗೆ ಬಂತು. ಪಗಾರ ಹೆಂಡತಿಯ ಖಾತೆಗೆ, ಎಟಿಎಂ ಕಾರ್ಡು ಅವಳ ಕೈಗೆ, ಅವನ ಫೋನಿನಿಂದ ಯುಪಿಐ ತೆಗೆಸಿದೆವು. ಸಾಲ ಕೊಟ್ಟವರ ಹೆಸರನ್ನೆಲ್ಲ ಅವನ ಕೈಯಿಂದಲೇ ವಹಿಯಲ್ಲಿ ಬರೆಸಿದೆ. ಮೊದಲ ದಿನ ಬರೆದದ್ದು ಅರ್ಧ, ಉಳಿದರ್ಧ ಹೊರಬರಲು ತಿಂಗಳು ಹಿಡಿಯಿತು. ಯಾವಾಗಲೂ ಹೀಗೆಯೇ, ಮೊದಲು ಹೇಳಿದ ಮೊತ್ತವನ್ನು ನಂಬಬೇಡಿ. ಹರಾಜಿಗೆ ಬಂದಿದ್ದ ಬಂಗಾರವನ್ನು ಮೊದಲು ಬಿಡಿಸಿದೆವು. ಉಳಿದದ್ದು ಕಂತಿನಲ್ಲಿ, ಅವನ ದುಡಿಮೆಯಿಂದಲೇ. ಮರುವರ್ಷ ಐಪಿಎಲ್ ಹೊತ್ತಿಗೆ ಮತ್ತೆ ಜಾರಿದ. ಕೈಯಲ್ಲಿ ರೊಕ್ಕವಿರಲಿಲ್ಲವಾಗಿ ಸಣ್ಣದರಲ್ಲೇ ಮುಗಿಯಿತು, ಮತ್ತೆ ಆಸ್ಪತ್ರೆಗೆ ಹೋದ.

ಬುಕ್ಕಿಯ ಬಾಕಿಗೆ ಹೆದರಿ ಮನೆ ಮಾರುವವರಿಗೆ ಒಂದು ಮಾತು. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಂದ್ಯದ ಕರಾರು ಅನೂರ್ಜಿತ, ಗೆದ್ದ ಪಂದ್ಯದ ಹಣಕ್ಕಾಗಿ ದಾವೆ ಹೂಡಲು ಬರುವುದಿಲ್ಲ. ಬಡ್ಡಿಗೆ ತಂದ ಸಾಲದ ಮಾತು ಬೇರೆ, ಅದಕ್ಕೆ ವಕೀಲರನ್ನು ಕೇಳಬೇಕು. ಉಚಿತ ಕಾನೂನು ನೆರವಿಗೆ 15100. ಕಿರು ಸಾಲ ಕೊಟ್ಟವರು ಬಾಗಿಲಿಗೆ ಬಂದು ಪೀಡಿಸಿದರೆ 2025ರ ರಾಜ್ಯದ ಕಾನೂನಿನಲ್ಲಿ 10 ವರ್ಷದವರೆಗೆ ಸಜೆಗೆ ಅವಕಾಶವಿದೆ.

ಕಾನೂನು ಬಂದಾಕ್ಷಣ ಆಟ ನಿಲ್ಲುತ್ತದೆಂದು ನಾನು ನಂಬಿಲ್ಲ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಿತು, ಓಸಿ ನಿಲ್ಲಲಿಲ್ಲ. ಆನ್‌ಲೈನ್ ಜೂಜಿಗೆ ರಾಜ್ಯ 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ತೆಗೆದುಹಾಕಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ಕಾಯ್ದೆಯಲ್ಲಿ ಶಿಕ್ಷೆ ಆಡಿಸುವವರಿಗೆ, ಆಡುವವರಿಗಲ್ಲ. ಆದ್ದರಿಂದ ಆ್ಯಪ್‌ನಲ್ಲಿ ಕಳೆದುಕೊಂಡದ್ದನ್ನು ಡಾಕ್ಟರ ಮುಂದೆ ಹೇಳಲು ಅಂಜಬೇಕಿಲ್ಲ. ಈಗ ಕೆಲವು ಹುಡುಗರು ರಮ್ಮಿ ಬಿಟ್ಟು ಆಪ್ಷನ್ ಟ್ರೇಡಿಂಗ್ ಹಿಡಿದಿದ್ದಾರೆ. ಸೆಬಿ 2024ರಲ್ಲಿ ಕೊಟ್ಟ ಲೆಕ್ಕದಂತೆ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ವ್ಯವಹಾರದಲ್ಲಿ ತೊಡಗಿದ ಬಿಡಿ ವ್ಯಕ್ತಿಗಳ ಪೈಕಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಹೆಸರು ಮರ್ಯಾದಸ್ತವಾಗಿದೆ, ಅಷ್ಟೇ.

ಟೆಲಿ ಮನಸ್ ಸಹಾಯವಾಣಿ 14416. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಲದ ಭಾರಕ್ಕೆ ಜೀವ ಬೇಡವೆನ್ನಿಸಿದವರು ಬೆಳಗಾಗಲಿ ಎಂದು ಕಾಯದೆ ಕರೆ ಮಾಡಬೇಕು. ಧಾರವಾಡದ ಡಿಮ್ಹಾನ್ಸ್ ಇದೆ, ಫೋನಿನ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತೆರೆದ ಶಟ್ ಕ್ಲಿನಿಕ್ ಇದೆ. ನಿಮ್ಮ ಮನೆಯ ಮಗನೋ ಅಳಿಯನೋ ‘ಇದೊಂದ ಸಲ ತೀರಿಸಿಬಿಡ್ರಿ’ ಎಂದು ಬಂದು ನಿಂತರೆ ಬೈಯಬೇಡಿ, ರೊಕ್ಕವನ್ನೂ ಎಣಿಸಬೇಡಿ. ಮೊದಲು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅವನ ಹೆಸರಿನಲ್ಲಿ ಚೀಟಿ ಮಾಡಿಸಿ.