ಓಟಗಾರನ ಧಮನಿಗಳೂ ನಡುಹಗಲಿನ ಬಿಸಿಲೂ

ನಸುಕಿನಲ್ಲಿ, ಮಂಜು ಇನ್ನೂ ಕವಿದಿರುವಾಗಲೇ, ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೋಗುವ ರಸ್ತೆಯಲ್ಲಿ ದೂರದ ಓಟವನ್ನು ಅಭ್ಯಾಸಮಾಡುವ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳೋಣ. ಸೂರ್ಯನು ಮೇಲೇರುವಷ್ಟರಲ್ಲಿ ಅವನು ಮನೆ ಸೇರಿರುತ್ತಾನೆ. ಹಗಲನ್ನೆಲ್ಲ ತರಗತಿಯಲ್ಲಿ ಕಳೆಯುತ್ತಾನೆ. ಓಟದಿಂದ ಅವನ ಹೃದಯವು ಬಲಗೊಳ್ಳುತ್ತದೆ, ನಿಜ. ಆದರೆ ಬಿಸಿಲಿನ ನಾಡಿನಲ್ಲಿದ್ದೂ ಅವನಿಗೆ ‘ಡಿ’ ಜೀವಸತ್ತ್ವದ ಕೊರತೆಯುಂಟಾಗಬಹುದು. ಇದು ಹೇಗೆ? ಈ ಕೊರತೆಗೂ ರಕ್ತನಾಳಗಳಿಗೂ ಸಂಬಂಧವೇನು?

ಓಡುವಾಗ ಕಾಲಿನ ಸ್ನಾಯುಗಳಿಗೆ ವಿಶ್ರಾಂತಿಕಾಲಕ್ಕಿಂತ ಹಲವು ಪಟ್ಟು ಹೆಚ್ಚು ರಕ್ತ ಬೇಕು. ಧಮನಿಯು ಲೋಹದ ಕೊಳವೆಯಂತೆ ಜಡವಾದುದಲ್ಲ. ಅದರ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪದರವೊಂದಿದೆ. ರಕ್ತವು ವೇಗವಾಗಿ ಹರಿದಾಗ ಈ ಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸುತ್ತದೆ. ಅದರಿಂದ ನಾಳದ ಸ್ನಾಯು ಸಡಿಲಗೊಂಡು ದಾರಿ ಅಗಲವಾಗುತ್ತದೆ. ಈ ಅನಿಲದ ಕಾರ್ಯವನ್ನು ಬಯಲುಮಾಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಇದೇ ಪದರದ ಜೀವಕೋಶಗಳಲ್ಲಿ ‘ಡಿ’ ಜೀವಸತ್ತ್ವವನ್ನು ಗುರುತಿಸುವ ಗ್ರಾಹಕಗಳೂ ಇವೆ. ಆ ಸತ್ತ್ವವು ಕಡಿಮೆಯಿರುವವರಲ್ಲಿ ಧಮನಿಗಳ ಹಿಗ್ಗುವ ಶಕ್ತಿಯೂ ಕುಂದಿರುವುದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಈ ಸತ್ತ್ವವನ್ನು ತಯಾರಿಸುವ ಕಾರ್ಖಾನೆ ನಮ್ಮ ಚರ್ಮವೇ. ಸುಮಾರು 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಅತಿನೇರಿಳೆ ಕಿರಣಗಳು ಬಿದ್ದಾಗ ಅದು ಅಲ್ಲಿ ಹುಟ್ಟಿ, ಬಳಿಕ ಯಕೃತ್ತಿನಲ್ಲಿಯೂ ಮೂತ್ರಪಿಂಡದಲ್ಲಿಯೂ ಮಾರ್ಪಟ್ಟು ಕಾರ್ಯಕ್ಕೆ ಸಿದ್ಧವಾಗುತ್ತದೆ. ಸೂರ್ಯನು ಕೆಳಗಿರುವಾಗ ಕಿರಣಗಳು ವಾಯುಮಂಡಲದಲ್ಲಿ ಓರೆಯಾಗಿ ಬಹುದೂರ ಸಾಗಬೇಕಾಗುವುದರಿಂದ ಓಜೋನ್ ಅನಿಲವು ಈ ಭಾಗವನ್ನು ಹೀರಿಬಿಡುತ್ತದೆ. ಆದ್ದರಿಂದ ಎಳೆಬಿಸಿಲಿನ ಓಟದಿಂದ ಈ ಲಾಭವು ಬಹಳ ಕಡಿಮೆ. ಕಿಟಕಿಯ ಗಾಜೂ ಈ ಕಿರಣಗಳನ್ನು ತಡೆಯುತ್ತದೆ.

ಇದನ್ನು ತಿಳಿಯಲು ಯಂತ್ರ ಬೇಡ, ನಿಮ್ಮ ನೆರಳೇ ಸಾಕು. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಕಿರಣಗಳು ತಕ್ಕಷ್ಟಿವೆಯೆಂದು ತಿಳಿಯಿರಿ. ಶಿಕಾರಿಪುರ, ಸೊರಬಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರಿನ ನಡುಹಗಲಿನಲ್ಲಿಯೂ ಅಲ್ಲಿ ಸೂರ್ಯನು 52 ಡಿಗ್ರಿ ಎತ್ತರದಲ್ಲಿರುತ್ತಾನೆ; ನೆರಳು ಎತ್ತರದ ಮುಕ್ಕಾಲು ಪಾಲಿಗಿಂತ ತುಸುವೇ ಹೆಚ್ಚು. ಆಗಸ್ಟಿನ ನಡುವೆ ಸೂರ್ಯನು ನೆತ್ತಿಯ ಮೇಲೆಯೇ ಇದ್ದರೂ ಮಲೆನಾಡಿನ ಮೋಡಗಳು ಅವನನ್ನು ಮರೆಮಾಡುತ್ತವೆ.

ಹಾಗಾದರೆ ಗುಳಿಗೆಗಳನ್ನು ನುಂಗಿದರೆ ಸಾಲದೆ? ಇಲ್ಲಿ ಎಚ್ಚರಿಕೆ ಅಗತ್ಯ. ಅಮೆರಿಕದಲ್ಲಿ ನಡುವಯಸ್ಸು ದಾಟಿದ 25,871 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 2,000 ಯೂನಿಟ್ ‘ಡಿ’ ಸೇವಿಸಿದವರಿಗೆ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗಲಿಲ್ಲ. ಅವರಲ್ಲಿ ಬಹುಮಂದಿಗೆ ಕೊರತೆಯೇ ಇರಲಿಲ್ಲವೆಂಬುದೂ ಗಮನಾರ್ಹ. ಎರಡು ಸಂಗತಿಗಳು ಜೊತೆಯಾಗಿ ಕಂಡಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ದುರ್ಬಲನು ಬಿಸಿಲಿಗೆ ಹೋಗದಿರುವುದರಿಂದಲೂ ಕೊರತೆಯುಂಟಾಗಬಹುದು. ಮೇಲಾಗಿ, ಗುಳಿಗೆಯು ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ. ಕಾಪಾಡಬೇಕೆಂದ ಧಮನಿಗಳ ಗೋಡೆಯಲ್ಲಿಯೇ ಅದು ಶೇಖರವಾಗಬಹುದು. ಚರ್ಮವು ಇಂತಹ ತಪ್ಪನ್ನು ಮಾಡುವುದಿಲ್ಲ. ಹೆಚ್ಚಾದುದನ್ನು ಬಿಸಿಲೇ ನಾಶಮಾಡುತ್ತದೆ.

ನಮ್ಮ ಓಟಗಾರನು ನಸುಕಿನ ಓಟವನ್ನು ಬಿಡಬೇಕಾಗಿಲ್ಲ. ಸುಡುಬಿಸಿಲಿನಲ್ಲಿ ಓಡುವುದು ಅಪಾಯಕರ. ಮಧ್ಯಾಹ್ನದ ಬಿಡುವಿನಲ್ಲಿ ತೋಳು, ಕಾಲುಗಳಿಗೆ ಬಿಸಿಲು ತಾಗುವಂತೆ, ಚರ್ಮ ಕೆಂಪಾಗದಷ್ಟು ಹೊತ್ತು ಅಡ್ಡಾಡಲಿ. ಕಪ್ಪು ಮೈಬಣ್ಣದವರಿಗೆ ಹೆಚ್ಚು ಸಮಯ ಬೇಕು. ಬೂತಾಯಿ, ಬಂಗುಡೆ ಮೀನುಗಳೂ ಮೊಟ್ಟೆಯ ಹಳದಿಯೂ ಸ್ವಲ್ಪ ನೆರವಾಗುತ್ತವೆ. ಮೂಳೆನೋವು, ಸ್ನಾಯುಗಳ ನಿಶ್ಶಕ್ತಿ ಕಂಡರೆ ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಸಲಹೆಯಂತೆಯೇ ಗುಳಿಗೆ ಸೇವಿಸಲಿ. ಧಮನಿಗಳನ್ನು ಪಳಗಿಸುವುದು ಓಟವೇ. ಬಿಸಿಲು ಅದಕ್ಕೆ ಸಹಾಯಕ ಮಾತ್ರ.